ವಾಸ್ತುಶಿಲ್ಪಿಯ ನಕ್ಷೆಗಳು ಮತ್ತು ಕಾಗದಪತ್ರಗಳ ಸಂರಕ್ಷಣೆ

ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿ ನಿರತರಾದ ವಿದ್ವಾಂಸರಿಗೆ ಓಲೆಯ ಪ್ರತಿಗಳ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಕಟ್ಟಿನಲ್ಲಿ ಎರಡು ಗರಿಗಳು ತಪ್ಪಿದರೆ ಕಥಾಸಂದರ್ಭವೇ ಕೆಡುವುದನ್ನೂ, ಲಿಪಿಕಾರನು ಅಂಚಿನಲ್ಲಿ ಗೀಚಿದ ಒಂದು ಅಕ್ಷರದಿಂದ ಬಹುಕಾಲದ ಸಂದೇಹವು ಪರಿಹಾರವಾಗುವುದನ್ನೂ ಅವರು ಕಂಡುಂಡವರು. ಹೀಗಿದ್ದರೂ ಇದೇ ನ್ಯಾಯವು ಸಲ್ಲತಕ್ಕ ಮತ್ತೊಂದು ಬಗೆಯ ಬರಹದ ಕಡೆಗೆ ನಮ್ಮ ಗಮನವು ಸಾಕಷ್ಟು ಹರಿದಿಲ್ಲ. ಅದು ವಾಸ್ತುಶಿಲ್ಪಿಯ ಬರಹ. ಎಂದರೆ ಕಟ್ಟಡಗಳನ್ನು ಕಲ್ಪಿಸಿದವನು ಬಿಟ್ಟುಹೋದ ನಕ್ಷೆಗಳು, ಕರಡುಗಳು, ಪತ್ರಗಳು, ಲೆಕ್ಕದ ಕಡತಗಳು. ಕಟ್ಟಡವು ಎದ್ದು ನಿಂತ ಮೇಲೆ ನಕ್ಷೆಯಿಂದೇನು ಪ್ರಯೋಜನವೆಂದು ಲೋಕವು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಕೊಡುವುದೂ, ಇಂಥ ಸಂಗ್ರಹವನ್ನು ಬಿಡಿಬಿಡಿಯಾಗಿ ಒಡೆಯದೆ ಒಟ್ಟಾಗಿಯೇ ಏಕೆ ಕಾಪಾಡಬೇಕೆಂಬುದನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶ.

೧. ಕಟ್ಟಡವು ಹೇಳದೆ ಬಿಡುವುದು

ನಿಂತಿರುವ ಕಟ್ಟಡವು ಶಿಲ್ಪಿಯ ಕಡೆಯ ನಿರ್ಣಯವನ್ನು ಮಾತ್ರ ಹೇಳುತ್ತದೆ. ಅದನ್ನಾದರೂ ಶುದ್ಧವಾಗಿ ಹೇಳುವುದಿಲ್ಲ. ಹಣ ಸಾಲದೆ ಕೈಬಿಟ್ಟ ಗೋಪುರ, ಗುತ್ತಿಗೆದಾರನ ಅನುಕೂಲಕ್ಕಾಗಿ ಮಾರ್ಪಟ್ಟ ಕಮಾನು, ಮುಂದಿನವರು ಒಡೆದು ಮಾಡಿದ ಬಾಗಿಲು, ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಯಾವುದು ಶಿಲ್ಪಿಯ ಅಭಿಪ್ರಾಯ, ಯಾವುದು ಕಾಲದ ಪ್ರಕ್ಷೇಪ ಎಂಬುದನ್ನು ಗೋಡೆಯನ್ನು ನೋಡಿ ಬೇರ್ಪಡಿಸುವುದು ಕಷ್ಟ. ನಕ್ಷೆಯು ಇದನ್ನು ಬೇರ್ಪಡಿಸಿಕೊಡುತ್ತದೆ.

ಇದಕ್ಕಿಂತ ಹೆಚ್ಚಿನ ಲಾಭವೊಂದುಂಟು. ಪಂಪನಾಗಲಿ ರನ್ನನಾಗಲಿ ತನ್ನ ಕೈಯಿಂದ ಬರೆದ ಗರಿಯು ನಮಗೆ ದೊರೆತಿಲ್ಲ. ನಮ್ಮ ಕೈಸೇರಿರುವುದು ಪ್ರತಿಗಳ ಪ್ರತಿಗಳು. ಕವಿಯು ಮೊದಲು ಯಾವ ಪದವನ್ನಿಟ್ಟು, ಆಮೇಲೆ ಅದನ್ನು ಹೊಡೆದುಹಾಕಿ ಯಾವುದನ್ನು ಆರಿಸಿದನೆಂಬುದನ್ನು ತಿಳಿಯುವ ದಾರಿಯಿಲ್ಲ. ಈಚಿನ ವಾಸ್ತುಶಿಲ್ಪಿಯ ವಿಷಯದಲ್ಲಾದರೋ ಈ ಭಾಗ್ಯವು ನಮಗುಂಟು. ಅವನು ತೆಳುವಾದ, ಕೆಳಗಿನ ಗೆರೆ ಕಾಣುವ ಕಾಗದದಲ್ಲಿ ಬರೆಯುತ್ತಾನೆ. ಅದು ಮನಸ್ಸಿಗೆ ಬಾರದಿದ್ದರೆ ಅದರ ಮೇಲೆಯೇ ಇನ್ನೊಂದು ಹಾಳೆಯನ್ನು ಹಾಸಿ, ಒಪ್ಪಿದ ಗೆರೆಗಳನ್ನು ಮಾತ್ರ ಎತ್ತಿಕೊಂಡು, ಒಪ್ಪದಿದ್ದುದನ್ನು ಬದಲಾಯಿಸುತ್ತಾನೆ. ಹೀಗೆ ಒಂದು ಕಟ್ಟಡಕ್ಕೆ ಐವತ್ತು ನೂರು ಹಾಳೆಗಳಾಗುತ್ತವೆ. ಅವುಗಳನ್ನು ಬರೆದ ಕ್ರಮದಲ್ಲಿಯೇ ಒಂದರ ಮೇಲೊಂದಿಟ್ಟು ನೋಡಿದರೆ ಕಲ್ಪನೆಯು ಹೆಜ್ಜೆ ಹೆಜ್ಜೆಯಾಗಿ ನಡೆದುಬಂದ ದಾರಿಯು ಕಾಣುತ್ತದೆ. ನಡುವಣ ಹಾಳೆಯೊಂದು ಕಳೆದರೆ ಈ ದಾರಿಯು ಅಲ್ಲಿಗೆ ಕಡಿಯಿತು.

೨. ಅದೃಷ್ಟದಿಂದ ಉಳಿದವು

ಹಿಂದಿನ ಕಾಲದ ನಕ್ಷೆಗಳಲ್ಲಿ ಉಳಿದುಬಂದಿರುವ ಅನೇಕವು ಅದೃಷ್ಟದಿಂದ ಉಳಿದವು. ನಮ್ಮ ದೇಶದಲ್ಲಿ ಭೋಪಾಲದ ಬಳಿಯ ಭೋಜಪುರದ ಶಿವಾಲಯವು ಇದಕ್ಕೆ ನಿದರ್ಶನ. ೧೧ನೆಯ ಶತಮಾನದ ಈ ದೇವಾಲಯವು ಪೂರ್ತಿಯಾಗದೆ ನಿಂತುಹೋಯಿತು. ಅದರ ಸುತ್ತಣ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದುಕೊಂಡಿದ್ದ ಕಂಬ, ಶಿಖರ, ತಲವಿನ್ಯಾಸಗಳ ರೇಖೆಗಳು ಇಂದಿಗೂ ಇವೆ. ನಮ್ಮ ನಾಡಿನಲ್ಲಿ ಬೇಲೂರಿನ ದಾಸೋಜ, ಸೋಮನಾಥಪುರದ ಮಲ್ಲಿತಮ್ಮ ಮೊದಲಾದವರು ತಮ್ಮ ಹೆಸರನ್ನು ಕಲ್ಲಿನ ಮೇಲೆ ಕೊರೆದುಹೋಗಿದ್ದಾರೆ. ಹೆಸರು ಉಳಿಯಿತು, ಆ ಕೈ ಹೇಗೆ ಯೋಚಿಸಿತೆಂಬುದನ್ನು ಮಾತ್ರ ನಾವು ಕಲ್ಲಿನಿಂದಲೇ ಊಹಿಸಿಕೊಳ್ಳಬೇಕಾಗಿದೆ.

ಯೂರೋಪಿನಲ್ಲಿ ಸ್ವಿಟ್ಸರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಭಂಡಾರದಲ್ಲಿ ೯ನೆಯ ಶತಮಾನದ ಮೊದಲ ಭಾಗಕ್ಕೆ ಸೇರಿದ ಒಂದು ನಕ್ಷೆಯಿದೆ. ಐದು ಚರ್ಮಪತ್ರಗಳನ್ನು ಹೊಲಿದು ಮಾಡಿದ ಹಾಳೆಯಲ್ಲಿ ಇಡೀ ಒಂದು ಮಠದ ವಿನ್ಯಾಸವನ್ನು, ಪ್ರಾರ್ಥನಾಮಂದಿರದಿಂದ ಹಿಡಿದು ಅಡುಗೆಯ ಮನೆ ಔಷಧಿಯ ತೋಟಗಳವರೆಗೆ, ಬರೆಯಲಾಗಿದೆ. ಇದು ಉಳಿದ ಕಾರಣವು ಸಾಹಿತ್ಯಜ್ಞರಿಗೆ ಸ್ವಾರಸ್ಯವಾಗಿ ತೋರದಿರದು. ೧೨ನೆಯ ಶತಮಾನದ ಕೊನೆಯಲ್ಲಿ ಒಬ್ಬ ಲಿಪಿಕಾರನು ಇದರ ಬೆನ್ನಿನ ಮೇಲೆ ಸಂತ ಮಾರ್ಟಿನನ ಚರಿತ್ರೆಯನ್ನು ಬರೆದು, ಹಾಳೆಯನ್ನು ಪುಸ್ತಕದಂತೆ ಮಡಿಸಿಟ್ಟನು. ಚರಿತ್ರೆಗೆಂದು ಕಾಪಾಡಿದ ಚರ್ಮದೊಡನೆ ನಕ್ಷೆಯೂ ಉಳಿಯಿತು. ಆದರೆ ಬೆನ್ನಿನಲ್ಲಿ ಜಾಗ ಸಾಲದೆ ಅವನು ಮುಂಭಾಗದ ಮೂಲೆಯೊಂದನ್ನು ಕೆರೆದು ಅಲ್ಲಿ ಬರೆಹವನ್ನು ಮುಗಿಸಿದನು. ಆ ಮೂಲೆಯಲ್ಲಿದ್ದ ಕಟ್ಟಡವು ಅಳಿಸಿಹೋಯಿತು. ಉಳಿಸಿದ ಕೈಯೇ ಕೆಡಿಸಿತೆಂಬುದಕ್ಕೆ ಇದು ಉದಾಹರಣೆ.

ಜರ್ಮನಿಯ ಕೊಲೋನ್ ಪಟ್ಟಣದ ಮಹಾದೇವಾಲಯದ ಕಥೆಯು ಇನ್ನೂ ಗಮನಾರ್ಹವಾದುದು. ೧೨೪೮ರಲ್ಲಿ ಅಸ್ತಿಭಾರ ಬಿದ್ದ ಈ ಕಟ್ಟಡದ ಕೆಲಸವು ೧೬ನೆಯ ಶತಮಾನದಲ್ಲಿ ನಿಂತುಹೋಯಿತು. ಪಶ್ಚಿಮದ ಮುಖಕ್ಕಾಗಿ ಚರ್ಮಪತ್ರದ ಮೇಲೆ ಬರೆದಿದ್ದ, ಸುಮಾರು ನಾಲ್ಕು ಮೀಟರು ಎತ್ತರದ ನಕ್ಷೆಯು ಫ್ರೆಂಚರ ಸೈನ್ಯವು ಆ ಪಟ್ಟಣವನ್ನು ಹಿಡಿದ ಗಲಭೆಯ ಕಾಲದಲ್ಲಿ ಸ್ಥಳ ತಪ್ಪಿ ಎರಡು ತುಂಡಾಗಿ ಚದರಿತು. ೧೮೧೪ರಲ್ಲಿ ಒಂದು ಭಾಗವು ಡಾರ್ಮ್‌ಷ್ಟಾಟ್ ಊರಿನ ವಸತಿಗೃಹವೊಂದರ ಅಟ್ಟದಲ್ಲಿ ಸಿಕ್ಕಿತು. ಅದರ ಮೇಲೆ ಹುರುಳಿಕಾಯಿಗಳನ್ನು ಒಣಹಾಕುತ್ತಿದ್ದರೆಂದು ಪ್ರತೀತಿಯಿದೆ. ಗೇಯಾರ್ಗ್ ಮೋಲರ್ ಎಂಬ ಶಿಲ್ಪಿಯು ಅದನ್ನು ಗುರುತಿಸಿದನು. ೧೮೧೬ರಲ್ಲಿ ಇನ್ನೊಂದು ಭಾಗವು ಸುಲ್ಪಿತ್ಸ್ ಬುವಾಸರೇ ಎಂಬ ವಿದ್ವಾಂಸನಿಗೆ ಪ್ಯಾರಿಸಿನಲ್ಲಿ ದೊರೆಯಿತು. ೧೮೪೨ರಲ್ಲಿ ಕೆಲಸವು ಮರಳಿ ಮೊದಲಾದಾಗ ಈ ನಕ್ಷೆಯೇ ಆಧಾರವಾಯಿತು. ೧೮೮೦ರಲ್ಲಿ ಆ ಜೋಡಿಗೋಪುರಗಳು ಪೂರ್ಣವಾದುವು. ಸುಮಾರು ಆರು ಶತಮಾನಗಳ ಹಿಂದೆ ಎಳೆದ ರೇಖೆಗೆ ಕಲ್ಲು ಕೂಡಿಬಂದದ್ದು ಅಟ್ಟದಲ್ಲಿ ಬಿದ್ದಿದ್ದ ಚರ್ಮದ ತುಂಡಿನಿಂದ.

ಅದೃಷ್ಟವು ಕೈಕೊಟ್ಟ ಸಂದರ್ಭವನ್ನೂ ನೋಡಬೇಕು. ಸ್ಪೇನಿನ ಬಾರ್ಸಲೋನದಲ್ಲಿ ಆಂಟನಿ ಗೌಡಿ ಎಂಬ ಪ್ರಸಿದ್ಧ ಶಿಲ್ಪಿಯು ೧೯೨೬ರಲ್ಲಿ ತೀರಿಕೊಂಡಾಗ ಅವನ ಮಹಾಮಂದಿರವು ಅಪೂರ್ಣವಾಗಿತ್ತು. ೧೯೩೬ರ ಜುಲೈ ತಿಂಗಳಲ್ಲಿ, ಅಂತರ್ಯುದ್ಧದ ಆರಂಭದಲ್ಲಿ, ಅವನ ಕಾರ್ಯಶಾಲೆಗೆ ಬೆಂಕಿ ಬಿದ್ದು ನಕ್ಷೆಗಳು ಸುಟ್ಟುಹೋದುವು. ಗಾರೆಯ ಮಾದರಿಗಳು ಚೂರುಚೂರಾದುವು. ಮುಂದೆ ಕೆಲಸ ಮಾಡಿದವರು ಆ ಚೂರುಗಳನ್ನು ಆಯ್ದು ಜೋಡಿಸಿ ಮಂದಿರವನ್ನು ಮುಂದುವರಿಸಬೇಕಾಯಿತು. ಈಗ ಏಳುತ್ತಿರುವುದರಲ್ಲಿ ಗೌಡಿಯದೆಷ್ಟು, ಇತರರದೆಷ್ಟು ಎಂಬ ವಾದವು ತೀರದೆ ಉಳಿದಿರುವುದಕ್ಕೆ ಮುಖ್ಯ ಕಾರಣವು ಆ ದಿನದ ಬೆಂಕಿ.

೩. ಬುದ್ಧಿಪೂರ್ವಕವಾಗಿ ಉಳಿಸಿದ ಸಂಗ್ರಹ

ಇನ್ನು ಅದೃಷ್ಟವನ್ನು ನಂಬದೆ, ತಿಳಿದು ಮಾಡಿದ ಸಂರಕ್ಷಣೆಯ ಒಂದು ಸಂಗತಿಯನ್ನು ವಿವರಿಸುವೆನು. ಇದಕ್ಕೆ ಭಾರತದೊಡನೆಯೂ ನೇರವಾದ ಸಂಬಂಧವುಂಟು.

ಲೂಯಿ ಕಾನ್ ಎಂಬವರು ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯಾದಲ್ಲಿ ೧೯೦೧ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಬಂದು ನೆಲಸಿದವರು. ೧೯೬೨ರಿಂದ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ವಿದ್ಯಾಸಂಸ್ಥೆಯ ಕಟ್ಟಡಗಳನ್ನೂ, ಢಾಕಾದ ಶಾಸನಸಭಾಭವನವನ್ನೂ ಇವರು ಕಲ್ಪಿಸಿದರು. ಅಹಮದಾಬಾದಿನ ಕೆಲಸದಲ್ಲಿ ಬಾಲಕೃಷ್ಣ ದೋಶಿಯವರು ಇವರಿಗೆ ಸಹಾಯಕರಾಗಿದ್ದರು. ಅಲ್ಲಿಯ ಇಟ್ಟಿಗೆಯ ದೊಡ್ಡ ಕಮಾನುಗಳನ್ನು ನೋಡಿದವರು ಮರೆಯಲಾರರು. ೧೯೭೪ರ ಮಾರ್ಚ್ ೧೭ರಂದು ಅಹಮದಾಬಾದಿನಿಂದ ಹಿಂದಿರುಗುತ್ತಿದ್ದಾಗ ಕಾನ್‌ರವರು ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಹೃದಯಾಘಾತದಿಂದ ಮೃತರಾದರು. ಅವರ ಕಾರ್ಯಾಲಯದ ಮೇಲೆ ಆಗ ಸುಮಾರು ಐದು ಲಕ್ಷ ಡಾಲರುಗಳ ಸಾಲವಿತ್ತು.

ಇಂಥ ಸ್ಥಿತಿಯಲ್ಲಿ ಕಾರ್ಯಾಲಯದ ಆಸ್ತಿಯೆಂದರೆ ಅದರ ಕಾಗದಗಳೇ. ಪ್ರಸಿದ್ಧನಾದ ಶಿಲ್ಪಿಯ ಕೈಬರಹದ ಚಿತ್ರಗಳಿಗೆ ಪೇಟೆಯಲ್ಲಿ ಬೆಲೆಯುಂಟು. ಒಂದೊಂದನ್ನಾಗಿ ಮಾರಿದರೆ ಸಾಲವು ತೀರಬಹುದು. ಆದರೆ ಅಂದವಾದ ಚಿತ್ರಗಳು ಹೋದ ಮೇಲೆ ಅಳತೆಯ ನಕ್ಷೆಗಳನ್ನೂ, ಪತ್ರಗಳನ್ನೂ, ಲೆಕ್ಕಗಳನ್ನೂ ಕೇಳುವವರಾರು? ಅವು ರದ್ದಿಗೆ ಹೋಗತಕ್ಕವು. ಈ ವಿಪತ್ತನ್ನು ಮನಗಂಡು ೧೯೭೬ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವು ಸಾರ್ವಜನಿಕ ಹಣದಿಂದ ಇಡೀ ಸಂಗ್ರಹವನ್ನು ಕೊಂಡು, ಕಾನ್‌ರವರು ಪಾಠ ಹೇಳುತ್ತಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಶಕ್ಕೆ ಶಾಶ್ವತವಾಗಿ ಒಪ್ಪಿಸಿತು. ನಕ್ಷೆಗಳು, ಮಾದರಿಗಳು, ಛಾಯಾಚಿತ್ರಗಳು, ಪತ್ರವ್ಯವಹಾರ, ಒಂದೊಂದು ಕೆಲಸದ ಕಡತಗಳು, ಎಲ್ಲವೂ ಒಂದೇ ಸೂರಿನಡಿ ಬಂದುವು. ಕಾನ್‌ರವರ ಸ್ವಹಸ್ತದ ಚಿತ್ರಗಳೇ ಆರು ಸಾವಿರಕ್ಕೆ ಮಿಕ್ಕವು. ಇವು ೧೯೮೭ರಲ್ಲಿ ಏಳು ಸಂಪುಟಗಳಾಗಿ ಅಚ್ಚಾದುವು.

ಇದರ ಫಲವನ್ನು ಲೋಕವು ಮೂರು ಬಗೆಯಲ್ಲಿ ಕಂಡಿತು. ಮೊದಲನೆಯದು, ಕಟ್ಟದೆ ಉಳಿದಿದ್ದುದನ್ನು ಕಟ್ಟುವುದು. ನ್ಯೂಯಾರ್ಕಿನ ನದೀದ್ವೀಪವೊಂದರ ತುದಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸ್ಮಾರಕಕ್ಕಾಗಿ ಕಾನ್‌ರವರು ೧೯೭೩-೭೪ರಲ್ಲಿ ಬರೆದ ಕಲ್ಪನೆಯು, ಅವರು ಸತ್ತು ೩೮ ವರ್ಷಗಳಾದ ಬಳಿಕ, ೨೦೧೨ರಲ್ಲಿ ಕಲ್ಲಿನ ರೂಪವನ್ನು ತಾಳಿತು. ಕೊಲೋನಿನಲ್ಲಿ ಅಟ್ಟದ ಅದೃಷ್ಟವು ಮಾಡಿದುದನ್ನು ಇಲ್ಲಿ ಕಾಗದಗಳ ಕಾಪು ಮಾಡಿತು. ಎರಡನೆಯದು, ಕಟ್ಟಿದುದನ್ನು ಉಳಿಸುವುದು. ೨೦೨೦ರ ಡಿಸೆಂಬರಿನಲ್ಲಿ ಅಹಮದಾಬಾದಿನ ಸಂಸ್ಥೆಯು ತನ್ನ ೧೮ ವಿದ್ಯಾರ್ಥಿನಿಲಯಗಳಲ್ಲಿ ೧೪ನ್ನು ಕೆಡವುವ ಆಲೋಚನೆಯನ್ನು ಪ್ರಕಟಿಸಿತು. ದೇಶವಿದೇಶಗಳ ಶಿಲ್ಪಿಗಳೂ ವಿದ್ವಾಂಸರೂ ಪ್ರತಿಭಟಿಸಿದ ಮೇಲೆ ೨೦೨೧ರ ಜನವರಿ ೧ರಂದು ಅದನ್ನು ಹಿಂತೆಗೆದುಕೊಂಡಿತು; ೨೦೨೨ರ ನವೆಂಬರಿನಲ್ಲಿ ಪುನರ್ನಿರ್ಮಾಣದ ಮಾತು ಮತ್ತೆ ತಲೆಯೆತ್ತಿತು. ಇಂಥ ವಾದದಲ್ಲಿ ಯಾವ ಗೋಡೆಯು ಶಿಲ್ಪಿಯ ಅಭಿಪ್ರಾಯಕ್ಕೆ ಅವಶ್ಯವಾದುದು, ಯಾವುದು ಅನಂತರದ್ದು, ಇಟ್ಟಿಗೆಯ ಗೋಡೆಯನ್ನು ಮೊದಲು ಹೇಗೆ ಕಟ್ಟಲು ಹೇಳಿದ್ದರು ಎಂಬುದಕ್ಕೆ ಸಾಕ್ಷಿಯು ಕಾಗದಗಳೇ. ಮೂರನೆಯದು, ವಿಮರ್ಶೆ. ಕಾನ್‌ರವರ ಮಾತುಗಳು ಗೂಢವಾದವೆಂದು ಹೆಸರಾದುವು. ಅವುಗಳ ಪಕ್ಕದಲ್ಲಿ ಇದ್ದಿಲಿನಿಂದ ಎಳೆದ ಹಾಳೆಯನ್ನೂ, ಅದೇ ವಾರದಲ್ಲಿ ಬರೆದ ಪತ್ರವನ್ನೂ ಇಟ್ಟರೆ ಮಾತಿನ ಅರ್ಥವು ನೆಲಕ್ಕಿಳಿಯುತ್ತದೆ.

೪. ಕ್ರಮವೇ ಪ್ರಮಾಣ

ಮೇಲಿನ ಪ್ರಯೋಜನಗಳಲ್ಲಿ ಒಂದಾದರೂ ಬಿಡಿ ಹಾಳೆಯಿಂದ ಸಿದ್ಧಿಸತಕ್ಕದ್ದಲ್ಲ. ಶಿಲ್ಪಿಗಳು ಕರಡುಗಳಿಗೆ ತಾರೀಖು ಹಾಕುವುದು ಅಪರೂಪ. ಒಂದು ಕರಡಿನ ಕಾಲವು ತಿಳಿಯಬೇಕಾದರೆ ಅದು ಯಾವ ಸುರುಳಿಯಲ್ಲಿತ್ತು, ಯಾವ ಪತ್ರದೊಡನೆ ಮಡಿಸಿತ್ತು ಎಂಬುದೇ ಗತಿ. ಕೋಣೆಯ ಅಗಲವು ಇದ್ದಕ್ಕಿದ್ದಂತೆ ಕಿರಿದಾದುದಕ್ಕೆ ಕಾರಣವು ನಕ್ಷೆಯಲ್ಲಿಲ್ಲ. ಹಣ ಸಾಲದೆಂದು ಯಜಮಾನನು ಬರೆದ ಕಾಗದದಲ್ಲಿದೆ. ಆ ಕಾಗದವಿಲ್ಲದೆ ಹೋದರೆ ವಿಮರ್ಶಕನು ಅಗಲ ಕಿರಿದಾದುದಕ್ಕೆ ಸೌಂದರ್ಯಶಾಸ್ತ್ರದ ಕಾರಣವನ್ನು ಹುಡುಕಿ ಒಂದು ಪ್ರಬಂಧವನ್ನೇ ಬರೆದಾನು.

ಪತ್ರಾಗಾರಶಾಸ್ತ್ರದಲ್ಲಿ ಇದಕ್ಕೆ ಖಚಿತವಾದ ನಿಯಮವುಂಟು. ಒಬ್ಬನಿಂದ ಅಥವಾ ಒಂದು ಕಾರ್ಯಾಲಯದಿಂದ ಬಂದ ಕಾಗದಗಳನ್ನು ಬೇರೆಯವರ ಕಾಗದಗಳೊಡನೆ ಬೆರಸಕೂಡದು. ಅವರು ಇಟ್ಟುಕೊಂಡಿದ್ದ ಕ್ರಮವನ್ನು ಕೆಡಿಸಕೂಡದು. ಈ ತತ್ತ್ವದ ಪೂರ್ವಾರ್ಧವು ಫ್ರಾನ್ಸಿನಲ್ಲಿ ೧೮೪೧ರ ಸರ್ಕಾರಿ ಆಜ್ಞೆಯಲ್ಲಿಯೂ, ಉತ್ತರಾರ್ಧವು ೧೮೮೧ರಲ್ಲಿ ಪ್ರಷ್ಯಾದ ಪತ್ರಾಗಾರದ ನಿಯಮಗಳಲ್ಲಿಯೂ ರೂಪುಗೊಂಡು, ೧೮೯೮ರಲ್ಲಿ ಹಾಲೆಂಡಿನ ಮುಲ್ಲರ್, ಫೇಯ್ತ್, ಫ್ರೌಯಿನ್ ಎಂಬ ಮೂವರು ರಚಿಸಿದ ಕೈಪಿಡಿಯಲ್ಲಿ ಶಾಸ್ತ್ರವಾಗಿ ನೆಲೆಗೊಂಡಿತು. ಒಪ್ಪವಾಗಿ ಜೋಡಿಸುವ ಆಸೆಯಿಂದ ಎಲ್ಲ ಕಂಬಗಳ ಚಿತ್ರಗಳನ್ನು ಒಂದೆಡೆಗೂ ಎಲ್ಲ ಬಾಗಿಲುಗಳ ಚಿತ್ರಗಳನ್ನು ಇನ್ನೊಂದೆಡೆಗೂ ಹಾಕುವವನು, ಓಲೆಯ ಕಟ್ಟುಗಳ ದಾರವನ್ನು ಬಿಚ್ಚಿ ಗರಿಗಳನ್ನು ಉದ್ದದ ಪ್ರಕಾರ ಜೋಡಿಸಿದವನಿಗೆ ಸಮಾನ.

೫. ಹಾಳೆಗಳ ರೋಗಗಳು

ಕಾಗದಗಳನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ಅವು ಉಳಿಯುವುದಿಲ್ಲ. ಓಲೆಗರಿಗೆ ಹುಳು ಹೇಗೋ ಹಾಗೆ ನಕ್ಷೆಯ ಒಂದೊಂದು ಜಾತಿಗೂ ಒಂದೊಂದು ಶತ್ರುವುಂಟು. ಒಂದಕ್ಕೆ ಔಷಧವಾದುದು ಮತ್ತೊಂದಕ್ಕೆ ವಿಷವಾಗುವುದೂ ಉಂಟು.

ಕರಡಿಗೆ ಬಳಸುವ ತೆಳುವಾದ ಕಾಗದವು ಅಗ್ಗದ್ದು. ಕಾನ್‌ರವರು ಹಳದಿಯ ಬಣ್ಣದ ಇಂಥ ಕಾಗದದ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಕಾಗದವನ್ನು ಪಾರದರ್ಶಕ ಮಾಡಲು ನಾರನ್ನು ಅತಿಯಾಗಿ ಅರೆಯುವುದರಿಂದ, ಇಲ್ಲವೆ ಎಣ್ಣೆ ರಾಳಗಳನ್ನು ಊಡುವುದರಿಂದ ಅದು ಕಾಲಕ್ರಮದಲ್ಲಿ ಕಂದಿ, ಹಪ್ಪಳದಂತೆ ಮುರಿಯತಕ್ಕದ್ದಾಗುತ್ತದೆ. ಬಹುಕಾಲ ಸುತ್ತಿಟ್ಟ ಸುರುಳಿಯನ್ನು ಆತುರದಿಂದ ಬಿಡಿಸಿದರೆ ಸೀಳುತ್ತದೆ. ಹದವಾದ ತೇವದ ಗಾಳಿಯಲ್ಲಿಟ್ಟು ಮೆತ್ತಗಾದ ಮೇಲೆ ಬಿಡಿಸಬೇಕು. ಇದು ಬಲ್ಲವರ ಕೆಲಸ. ಇದ್ದಿಲಿನ ರೇಖೆಯು ಹಾಳೆಗೆ ಅಂಟಿರುವುದಿಲ್ಲ, ಕುಳಿತಿರುತ್ತದೆ. ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿದರೆ ಅದರ ವಿದ್ಯುದಾಕರ್ಷಣೆಯಿಂದ ಕಪ್ಪು ಮೇಲೆದ್ದು ಪ್ಲಾಸ್ಟಿಕ್ಕಿಗೆ ಹತ್ತುತ್ತದೆ.

ನೀಲಿನಕ್ಷೆಯ ಸಂಗತಿಯೇ ಬೇರೆ. ಇದು ೧೮೪೨ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ, ಕಬ್ಬಿಣದ ಲವಣಗಳನ್ನು ಬಿಸಿಲಿಗೆ ಒಡ್ಡಿ ಪ್ರತಿಯೆತ್ತುವ ವಿಧಾನದಿಂದ ಹುಟ್ಟಿದುದು. ಸಾಮಾನ್ಯ ಕಾಗದಗಳ ಆಮ್ಲವನ್ನು ತಡೆಯಲು ಪತ್ರಾಗಾರಗಳಲ್ಲಿ ಕ್ಷಾರ ಬೆರಸಿದ ಹೊದಿಕೆಗಳನ್ನು ಬಳಸುವುದು ರೂಢಿ. ಆದರೆ ಕ್ಷಾರವು ನೀಲಿಯ ಬಣ್ಣವನ್ನೇ ತಿನ್ನುತ್ತದೆ. ಆದಕಾರಣ ನೀಲಿನಕ್ಷೆಗೆ ಆಮ್ಲವೂ ಕ್ಷಾರವೂ ಇಲ್ಲದ ಹೊದಿಕೆಯೇ ಬೇಕು. ಅಮೋನಿಯದ ಹಬೆಯಿಂದ ಎತ್ತಿದ ಡಯಾಜೊ ಪ್ರತಿಗಳು ತಮ್ಮಿಂದ ಹೊರಡುವ ಆವಿಯಿಂದ ನೆರೆಯ ಹಾಳೆಗಳಿಗೂ ಕಲೆ ಹತ್ತಿಸುವುದರಿಂದ ಅವನ್ನು ಪ್ರತ್ಯೇಕವಾಗಿಡಬೇಕು. ಗಂಜಿ ಹಾಕಿದ ಬಟ್ಟೆಯ ನಕ್ಷೆಯು ಗಟ್ಟಿಯೆಂದು ತೋರಿದರೂ ಒಂದು ತೊಟ್ಟು ನೀರಿಗೆ ಮಚ್ಚೆಯಾಗುತ್ತದೆ. ಹರಿದ ಅಂಚಿಗೆ ಹಚ್ಚಿದ ಅಂಟುಪಟ್ಟಿಯು ಕೆಲವು ವರ್ಷಗಳಲ್ಲಿ ಕಂದಿ, ಅದರ ಅಂಟು ಹಾಳೆಯೊಳಕ್ಕೆ ಇಳಿದು, ಹರಿದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡುತ್ತದೆ.

ಹೀಗೆ ಜಾತಿಗೊಂದರಂತೆ ಹಾಳೆಗಳನ್ನು ಬೇರೆಬೇರೆಯಾಗಿಡಬೇಕಾದರೆ ಹಿಂದೆ ಹೇಳಿದ ಕ್ರಮವು ಕೆಡುವುದಿಲ್ಲವೆ ಎಂದು ಕೇಳಬಹುದು. ಕೆಡಬೇಕಾದುದಿಲ್ಲ. ಸ್ಥಳವನ್ನು ಬದಲಾಯಿಸುವ ಮೊದಲು ಪ್ರತಿಯೊಂದು ಹಾಳೆಗೂ ಸಂಖ್ಯೆಯನ್ನು ಕೊಟ್ಟು, ಅದು ಯಾವ ಸುರುಳಿಯಲ್ಲಿ ಎಷ್ಟನೆಯದಾಗಿತ್ತೆಂಬುದನ್ನು ಪಟ್ಟಿಯಲ್ಲಿ ಬರೆದಿಟ್ಟರೆ, ಹಾಳೆಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದರೂ ಕಟ್ಟು ಒಡೆಯುವುದಿಲ್ಲ. ಈ ಪಟ್ಟಿಯು ಪತ್ರಾಗಾರದ ಪ್ರಾಣ.

ಛಾಯಾಪ್ರತಿಗಳ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಈಗಿನ ಯಂತ್ರಗಳಿಂದ ಅತಿ ಸೂಕ್ಷ್ಮವಾದ ಪ್ರತಿಗಳನ್ನು ಎತ್ತಬಹುದು. ಇದರಿಂದ ಮೂಲವನ್ನು ಮುಟ್ಟುವ ಸಂದರ್ಭಗಳು ಕಡಮೆಯಾಗಿ ಅದರ ಆಯುಸ್ಸು ಹೆಚ್ಚುತ್ತದೆ, ದೂರದ ವಿದ್ಯಾರ್ಥಿಗೂ ಉಪಕಾರವಾಗುತ್ತದೆ. ಆದರೆ ಪ್ರತಿಯು ಮೂಲಕ್ಕೆ ಬದಲಲ್ಲ. ಅಳಿಸಿದ ಗೆರೆಯು ಕಾಗದದಲ್ಲಿ ಬಿಟ್ಟ ತಗ್ಗು, ಸೂಜಿಯ ತೂತು, ಹಿಂಬದಿಯ ಟಿಪ್ಪಣಿ, ಇವು ಮುಂದಿನ ಶೋಧಕನಿಗೆ ಏನನ್ನು ಹೇಳುವುವೋ ಇಂದು ಯಾರು ಬಲ್ಲರು?

೬. ನಮ್ಮ ಕರ್ತವ್ಯ

ಕನ್ನಡ ನಾಡಿನ ಈಚಿನ ಕಟ್ಟಡಗಳಿಗೂ ಈ ವಿಚಾರವು ಸಲ್ಲುತ್ತದೆ. ೧೮೯೭ರಲ್ಲಿ ಮೈಸೂರಿನ ಮರದ ಅರಮನೆಯು ಬೆಂಕಿಗೆ ತುತ್ತಾದ ಮೇಲೆ ಹೆನ್ರಿ ಇರ್ವಿನ್ನರ ಕಲ್ಪನೆಯ ಮೇರೆಗೆ ಈಗಿನ ಅರಮನೆಯು ಎದ್ದು ೧೯೧೨ರಲ್ಲಿ ಪೂರ್ಣವಾಯಿತು. ಜರ್ಮನಿಯನ್ನು ಬಿಡಬೇಕಾಗಿ ಬಂದ ಆಟೊ ಕೊನಿಗ್ಸ್‌ಬರ್ಗರರು ೧೯೩೯ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಗಳಾಗಿ, ಬೆಂಗಳೂರಿನ ವಿಜ್ಞಾನಮಂದಿರಕ್ಕೂ ಕಟ್ಟಡಗಳನ್ನು ಕಲ್ಪಿಸಿಕೊಟ್ಟರು. ೧೯೫೧ರಲ್ಲಿ ಅಸ್ತಿಭಾರ ಬಿದ್ದು ೧೯೫೬ರಲ್ಲಿ ಮುಗಿದ ವಿಧಾನಸೌಧವು ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದಲೂ ಬಿ. ಆರ್. ಮಾಣಿಕ್ಯಂರವರ ನಕ್ಷೆಯಿಂದಲೂ ರೂಪುಗೊಂಡಿತು. ಇವುಗಳ ಚರಿತ್ರೆಯನ್ನು ಬರೆಯುವವನಿಗೆ ಶಾಸನ, ಕಾವ್ಯ, ಕೈಫಿಯತ್ತುಗಳು ಎಷ್ಟು ಆಧಾರವೋ ಸರ್ಕಾರಿ ಕಚೇರಿಯ ನಕ್ಷೆಯ ಪೆಟ್ಟಿಗೆಯೂ ಅಷ್ಟೇ ಆಧಾರ. ಖಾಸಗಿಯಾಗಿ ವೃತ್ತಿ ನಡಸಿದ ಶಿಲ್ಪಿಗಳ ಮನೆಗಳಲ್ಲಿರುವ ಸುರುಳಿಗಳ ಅಪಾಯವು ಇನ್ನೂ ಹೆಚ್ಚು. ಯಜಮಾನನು ತೀರಿದ ವರ್ಷದಲ್ಲಿಯೇ ಸುಣ್ಣ ಬಣ್ಣದ ನೆಪದಲ್ಲಿ ಇಂಥವು ಹೊರಬೀಳುತ್ತವೆ.

ಆದಕಾರಣ ಮೂರು ಮಾತುಗಳನ್ನು ವಿದ್ವಾಂಸರಲ್ಲಿಯೂ ಉಪಾಧ್ಯಾಯರಲ್ಲಿಯೂ ಅರಿಕೆ ಮಾಡಿಕೊಳ್ಳುವೆನು. ಓಲೆಯ ಪ್ರತಿಗಳಿಗಾಗಿ ಊರೂರು ತಿರುಗುವಾಗ ನಕ್ಷೆಯ ಸುರುಳಿಗಳನ್ನೂ ವಿಚಾರಿಸಿ, ಎಲ್ಲಿ ಯಾವುದಿದೆಯೆಂಬ ಪಟ್ಟಿಯನ್ನು ಮಾಡತಕ್ಕದ್ದು. ಕಂಡುದನ್ನು ಬಿಡಿಸದೆ, ಆರಿಸದೆ, ತೊಳೆಯದೆ, ಇದ್ದ ಕ್ರಮವನ್ನು ಬರೆದುಕೊಂಡು, ಪತ್ರಗಳೊಡನೆ ಒಂದೇ ಕಟ್ಟಾಗಿ ಯೋಗ್ಯವಾದ ಪತ್ರಾಗಾರಕ್ಕೆ ಸೇರಿಸುವಂತೆ ಮನೆಯವರನ್ನು ಒಪ್ಪಿಸತಕ್ಕದ್ದು. ಕಟ್ಟಡವೊಂದರ ಮೇಲೆ ಪ್ರಬಂಧವನ್ನು ಬರೆಯುವ ವಿದ್ಯಾರ್ಥಿಗೆ, ಕಾವ್ಯದ ಪಾಠಾಂತರಗಳನ್ನು ನೋಡಬೇಕೆನ್ನುವಂತೆಯೇ, ಅದರ ಕರಡುಗಳನ್ನು ನೋಡಬೇಕೆಂದು ವಿಧಿಸತಕ್ಕದ್ದು. ಇವುಗಳಲ್ಲಿ ಮೊದಲನೆಯದಕ್ಕೆ ಹಣವೂ ಬೇಡ, ಕಟ್ಟಡವೂ ಬೇಡ. ಒಂದು ಲೆಕ್ಕದ ಪುಸ್ತಕವೂ ನಾಲ್ಕು ಜನರ ಶ್ರದ್ಧೆಯೂ ಸಾಕು. ಅದನ್ನಾದರೂ ಈ ವರ್ಷವೇ ಕೈಕೊಳ್ಳಬೇಕೆಂದು ಸೂಚಿಸಿ ಲೇಖನವನ್ನು ಮುಗಿಸುವೆನು.